ಸೆಡ್ಜ್ ನೊಣ: ಬಣ್ಣ ಕೊನೆಗಿರಲಿ

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಟೆಸ್ಟ್, ಇಚೆನ್ ನದಿಗಳಲ್ಲಿ ಟ್ರೌಟ್ ಹಿಡಿಯುವವರ ಪೆಟ್ಟಿಗೆಯಲ್ಲಿ ಸೆಡ್ಜ್ ನೊಣದ ಹತ್ತಾರು ನಕಲುಗಳಿರುತ್ತವೆ. ದಾಲ್ಚಿನ್ನಿ ಬಣ್ಣದ್ದೊಂದು, ಬೂದಿಯದೊಂದು, ಕಪ್ಪಿನದೊಂದು. ಬ್ರಿಟನ್ನಿನಲ್ಲಿ ಸುಮಾರು 200 ಜಾತಿಯ ಸೆಡ್ಜ್‌ಗಳಿರುವಾಗ ಈ ಚಪಲ ಸಹಜವೇ. ಆದರೂ ಆಯ್ಕೆ ಶುರುವಾಗಬೇಕಾದ್ದು ನೊಣದ ನಡೆಯಿಂದ ಎಂದೇ ನಾನು ನಂಬಿದ್ದೇನೆ. ಗಾತ್ರ ಅದರ ನಂತರ, ಬಣ್ಣ ಕೊನೆಗೆ. ನೊಣವೆಂದು ಕರೆದರೂ ಸೆಡ್ಜ್ ಪತಂಗಗಳ ಹತ್ತಿರದ ನಂಟ. ಕೂತಾಗ ರೋಮ ತುಂಬಿದ ರೆಕ್ಕೆಗಳನ್ನು ಹೆಂಚಿನ ಮಾಡಿನಂತೆ ಮೈಮೇಲೆ ಇಳಿಬಿಡುತ್ತದೆ. ಮೇಫ್ಲೈ ರೆಕ್ಕೆ ನಿಗುರಿಸಿ ಸುಮ್ಮನೆ ತೇಲಿಬಂದರೆ, ಸೆಡ್ಜ್ ಎಷ್ಟೋ ಸಲ ನೀರಿನ ಮೇಲೆ ಗೆರೆ ಎಳೆಯುತ್ತ ಓಡುತ್ತದೆ. ಅದೂ ಹೆಚ್ಚಾಗಿ ಬೇಸಿಗೆಯ ಮುಸ್ಸಂಜೆಯಲ್ಲಿ. ಮಾಸಿದ ಆಕಾಶದ ಎದುರು ಕೆಳಗಿನಿಂದ ನೋಡುವ ಮೀನಿಗೆ ಎದ್ದು ಕಾಣುವುದು ಆ ಮಾಡಿನ ನೆರಳು, ಆ ಗೆರೆ. ಜಾನ್ ಗೊಡಾರ್ಡ್ ಮತ್ತು ಕ್ಲಿಫ್ ಹೆನ್ರಿ ರೂಪಿಸಿದ ಜಿ ಅಂಡ್ ಎಚ್ ಸೆಡ್ಜ್ ಅನ್ನು ಕೈಯಲ್ಲಿ ಹಿಡಿದು ನೋಡಿ: ಜಿಂಕೆ ಕೂದಲನ್ನು ಕೊಕ್ಕೆಯ ಸುತ್ತ ಒತ್ತೊತ್ತಾಗಿ ಕಟ್ಟಿ, ಕತ್ತರಿಯಿಂದ ಮಾಡಿನ ಆಕಾರಕ್ಕೆ ತಂದಿದ್ದಾರೆ. ಒಳಗೆ ಗಾಳಿ ಹಿಡಿದಿಡುವ ಕೂದಲಾದ್ದರಿಂದ ಎಳೆದಾಡಿದರೂ ಸುಲಭಕ್ಕೆ ಮುಳುಗದು. ಪೆನ್ಸಿಲ್ವೇನಿಯಾದ ತೊರೆಗಳಿಗಾಗಿ ಆಲ್ ಟ್ರಾತ್ 1957ರಲ್ಲಿ ಕಟ್ಟಿದ ಎಲ್ಕ್ ಹೇರ್ ಕ್ಯಾಡಿಸ್‌ನ (ಕ್ಯಾಡಿಸ್ ಎಂದರೂ ಸೆಡ್ಜ್ ಎಂದರೂ ಒಂದೇ) ಗುಟ್ಟೂ ಇದೇ.

ಪಡಿಯಚ್ಚಿನಂಥ ನಕಲೇ ಬೇಕೆಂದ ಹಾಲ್‌ಫರ್ಡ್‌ನ ಪರಂಪರೆ ಇದನ್ನು ಒಪ್ಪಲಿಕ್ಕಿಲ್ಲ. ತಿಳಿನೀರಿನ ನಿಧಾನ ಹರಿವಿನಲ್ಲಿ ಟ್ರೌಟ್ ನೊಣದ ಕೆಳಗೇ ತೇಲುತ್ತ ಬಂದು ಪರೀಕ್ಷಿಸುತ್ತದೆ, ಬಣ್ಣ ತಪ್ಪಿದರೆ ಹಿಂದಿರುಗುತ್ತದೆ ಎಂಬುದು ಅವರ ಆಕ್ಷೇಪ. ಹಗಲಿನಲ್ಲಿ ಅಲುಗದೆ ತೇಲಿಬರುವ ನೊಣದ ಮಟ್ಟಿಗೆ ಆ ಮಾತಿಗೆ ನನ್ನ ತಕರಾರಿಲ್ಲ. ಸೆಡ್ಜ್‌ಗಳಲ್ಲೂ ಗ್ರ್ಯಾನಮ್ ಇದೆಯಲ್ಲ. ಏಪ್ರಿಲ್‌ನ ಹಗಲಲ್ಲೇ ಹಿಂಡಾಗಿ ಏಳುತ್ತದೆ, ಹೆಣ್ಣಿನ ಬಾಲದ ತುದಿಯಲ್ಲಿ ಹಸಿರು ಮೊಟ್ಟೆಗಳ ಉಂಡೆ. ಅದರ ನಕಲಿಗೆ ಆ ಹಸಿರು ಇರಲೇಬೇಕು. ಆದರೆ ಅದೇ ಗ್ರ್ಯಾನಮ್ ಕೋಶ (ಪ್ಯೂಪಾ) ಬಿಡಲು ತಳದಿಂದ ಮೇಲೇರುತ್ತಿರುವಾಗ ಮೀನು ನೀರಿನೊಳಗೇ ಮೇಯುತ್ತಿರುತ್ತದೆ. ಆಗ ಎಂಥ ಸೊಗಸಾದ ಹಸಿರಿನ ತೇಲುನೊಣ ಹಾಕಿದರೂ ಮೀನು ಅದರತ್ತ ತಿರುಗುವುದು ಅಪರೂಪ. ಗ್ಯಾರಿ ಲಾಫಾಂಟೇನ್ ತನ್ನ ಸ್ಪಾರ್ಕಲ್ ಪ್ಯೂಪಾಕ್ಕೆ ಹೊಳೆಯುವ ಎಳೆಗಳ ಸಡಿಲ ಹೊದಿಕೆ ತೊಡಿಸಿ, ಗಾಳಿಗುಳ್ಳೆಗಳು ಅದರಲ್ಲಿ ಸಿಕ್ಕಿಕೊಳ್ಳುವಂತೆ ಮಾಡಿದ್ದು ಈ ಗಳಿಗೆಗಾಗಿಯೇ. ಆದ್ದರಿಂದ ಪೆಟ್ಟಿಗೆ ತೆರೆಯುವ ಮುನ್ನ ಮೀನು ಎದ್ದ ಜಾಗವನ್ನು ನೋಡಬೇಕು. ಅಲೆಯ ನಡುವೆ ಗುಳ್ಳೆಯೊಂದು ಉಳಿದಿದ್ದರೆ ಮೀನು ಮೇಲ್ಮೈಯ ನೊಣವನ್ನೇ ಹೀರಿರುವ ಸಂಭವ ಹೆಚ್ಚು. ಗುಳ್ಳೆಯಿಲ್ಲದೆ ನೀರು ಬರೇ ಉಬ್ಬಿ ಇಳಿದರೆ, ಮೊದಲು ಕೈಗೆ ಬರಬೇಕಾದ್ದು ಪ್ಯೂಪಾ.