ಬುದ್ಧಿಹೇಳುವುದೂ ಧೈರ್ಯಗೊಳಿಸುವುದೂ: ಜೇ ಆಡಮ್ಸರ ಸಮಾಲೋಚನಾ ವಿಧಾನದ ವಿಮರ್ಶೆ

ಜೇ ಆಡಮ್ಸರ ‘ಕಾಂಪಿಟೆಂಟ್ ಟು ಕೌನ್ಸೆಲ್’ 1970ರಲ್ಲಿ ಪ್ರಕಟವಾದ ಗ್ರಂಥ. ಅದರ ಹೆಸರನ್ನು ಕೇಳದ ಸಭಾಪಾಲಕರಿಗೂ ಅದರ ವಿಧಾನವು ಅಪರಿಚಿತವಲ್ಲ. ನೊಂದವರ ಮುಂದೆ ವಾಕ್ಯವನ್ನು ತೆರೆದಿಡುವುದು, ಪಾಪವನ್ನು ಗುರುತಿಸುವುದು, ಪಶ್ಚಾತ್ತಾಪಕ್ಕೆ ಕರೆಯುವುದು, ಇವೇ ಅದರ ಮೆಟ್ಟಿಲುಗಳು. ಸಾರಕ್ಕಿ, ಜಯನಗರ, ಬನಶಂಕರಿಗಳಂಥ ನಗರಭಾಗಗಳ ಸಭೆಗಳಿಗೆ ಸೇವೆಗೆಂದು ಹೋಗುವವರು ಇದನ್ನು ಪರೀಕ್ಷಿಸದೆ ಸ್ವೀಕರಿಸಬಾರದೆಂಬುದು ನಮ್ಮ ಅಭಿಪ್ರಾಯ.

ಆಡಮ್ಸರಿಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸೋಣ. ನೊಂದವರನ್ನು ತಜ್ಞರಿಗೆ ಒಪ್ಪಿಸಿ ಸಭೆಯು ಕೈತೊಳೆದುಕೊಳ್ಳಬಾರದೆಂದು ಅವರು ರೋಮಾಪುರದವರಿಗೆ 15:14ರ ಆಧಾರದಿಂದ ವಾದಿಸಿದರು. ಶಾರೀರಿಕ ರೋಗವು ವೈದ್ಯರಿಗೆ ಸೇರಿದ್ದೆಂದೂ ಒಪ್ಪಿದರು. ಆದರೆ ಶಾರೀರಿಕ ರೋಗಕ್ಕೂ ಪಾಪಕ್ಕೂ ನಡುವೆ ಅವರು ಹೆಚ್ಚೇನೂ ಸ್ಥಳವನ್ನು ಉಳಿಸಲಿಲ್ಲ. ಮನೋವ್ಯಥೆಯ ಬಹುಭಾಗವು ಆ ಇಕ್ಕಟ್ಟಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಅವರ ವಾದವು ‘ನೌಥೆಟೆಯೋ’ ಎಂಬ ಗ್ರೀಕ್ ಕ್ರಿಯಾಪದದ ಮೇಲೆ ನಿಂತಿದೆ. ಅದೇ ಪದವನ್ನು 1 ಥೆಸಲೊನೀಕದವರಿಗೆ 5:14ರಲ್ಲಿ ಪೌಲನು ಹೇಗೆ ಬಳಸುತ್ತಾನೆಂಬುದನ್ನು ಗಮನಿಸಬೇಕು. ಬುದ್ಧಿಹೇಳಬೇಕಾದದ್ದು ಅಕ್ರಮವಾಗಿ ನಡೆಯುವವರಿಗೆ. ಮನಗುಂದಿದವರಿಗೆ ಬೇಕಾದದ್ದು ಧೈರ್ಯ, ಬಲಹೀನರಿಗೆ ಆಧಾರ, ಎಲ್ಲರಿಗೂ ದೀರ್ಘಶಾಂತಿ. ಒಂದೇ ವಚನದಲ್ಲಿ ಅಪೊಸ್ತಲನು ಬೇರೆಬೇರೆಯಾಗಿಟ್ಟದ್ದನ್ನು ಆಡಮ್ಸರ ವಿಧಾನವು ಒಂದೇ ಪದದಡಿಯಲ್ಲಿ ಕೂಡಿಸುತ್ತದೆ. ಮನಗುಂದಿದವನಿಗೆ ಅಕ್ರಮಸ್ಥನಿಗೆ ಸಲ್ಲುವ ಮಾತನ್ನಾಡಿದರೆ ಯೋಬನ ಗೆಳೆಯರ ತಪ್ಪು ಮರುಕಳಿಸುತ್ತದೆ.

ಕನ್ನಡದಲ್ಲಿ ಈ ಅಪಾಯ ಇನ್ನೂ ಹೆಚ್ಚು. ನಮ್ಮ ಮನೆಗಳಲ್ಲಿ ಬುದ್ಧಿಹೇಳುವವರು ಹಿರಿಯರು. ತಲೆತಗ್ಗಿಸಿ ಕೇಳುವವರು ಸೊಸೆ, ಮಗ, ಸಾಲಗಾರ, ಕುಡುಕ. ಪೌಲನ ಮಾತಿನಲ್ಲಿರುವ ಪರಸ್ಪರತೆ ಇಲ್ಲಿ ಮಾಯವಾಗುತ್ತದೆ. ಹೆರಿಗೆಯ ನಂತರ ನಿದ್ರೆಯಿಲ್ಲದೆ ಅಳುವ ತಾಯಿಗೆ ಪ್ರಾರ್ಥನೆ ಸಾಲದೆಂದು ಬುದ್ಧಿಹೇಳಿದರೆ, ಆಕೆಯ ಭಾರದ ಮೇಲೆ ನಾವು ಅಪರಾಧದ ಹೊರೆಯನ್ನೂ ಏರಿಸಿದಂತಾಗುತ್ತದೆ.

ಸಾರಕ್ಕಿಯಿಂದ ದೂರವಲ್ಲದ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಆ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ರೋಗದ ಬಗೆಯನ್ನನುಸರಿಸಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಇವರಲ್ಲಿ ಎಷ್ಟೋ ಮಂದಿಗೆ ಸಭಾಪಾಲಕನೇ ಮೊದಲ ಶ್ರೋತೃ. ನಂಬಿಕೆಯ ಹೆಸರಿನಲ್ಲಿ ಮಾತ್ರೆಯನ್ನು ಬಿಡಿಸಿದರೆ ಒಂದು ಜೀವವೇ ಹೋಗಬಹುದು.

ಆಂಟನ್ ಬಾಯ್ಸನ್ನರ ಮಾರ್ಗವು ಇಲ್ಲಿ ಉಪಯುಕ್ತವಾಗಿದೆ. 1920ರಲ್ಲಿ ತಾವೇ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದ ಈ ಬೋಧಕರು, ಮುಂದೆ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಆಸ್ಪತ್ರೆಗೆ ಕರೆತಂದು, ನೊಂದ ಮನುಷ್ಯನನ್ನೂ ಗ್ರಂಥದಂತೆಯೇ ಶ್ರದ್ಧೆಯಿಂದ ಓದಬೇಕೆಂದು ಕಲಿಸಿದರು. ಅವರಲ್ಲಿಯೂ ಕೊರತೆಯಿದೆ. ತಮ್ಮ ಅನುಭವದ ಬೆಳಕಿನಲ್ಲಿ ಅವರು ಕೆಲವು ಬಗೆಯ ಮನೋವಿಕಾರವನ್ನು ಧಾರ್ಮಿಕ ಸಂಘರ್ಷವಾಗಿ ಕಂಡರು. ಎಲ್ಲ ರೋಗಿಗಳಿಗೂ ಅದು ಹೊಂದದು. ಆದರೂ ಕೇಳಿದ ಮೇಲೆಯೇ ಹೇಳಬೇಕೆಂಬ ಅವರ ಶಿಸ್ತು ವೇದಾನುಸಾರವಾದದ್ದು. 1 ಅರಸುಗಳು 19ರಲ್ಲಿ ಸಾವನ್ನು ಬೇಡಿದ ಎಲೀಯನಿಗೆ ದೇವರು ಮೊದಲು ಒದಗಿಸಿದ್ದು ನಿದ್ರೆ ಮತ್ತು ಆಹಾರ. ಪ್ರಶ್ನೆ ಬಂದದ್ದು ಆಮೇಲೆ.

ಆದುದರಿಂದ ಸಮಾಲೋಚನೆಯನ್ನು ಕಲಿಸುವಾಗ ಮೂರು ಸಂಗತಿಗಳನ್ನು ಬಿಡಲಾಗದು. ಮೊದಲನೆಯದು, ಪ್ರಾರ್ಥನೆಯೂ ಚಿಕಿತ್ಸೆಯೂ ಪ್ರತಿಸ್ಪರ್ಧಿಗಳಲ್ಲ. ಸಾವಿನ ಮಾತು ಬಂದಾಗ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬೇಕು. ಕನ್ನಡದಲ್ಲಿಯೂ ನೆರವಾಗುವ ಟೆಲಿ ಮಾನಸ್‌ನ 14416 ಸಂಖ್ಯೆಯು ಪ್ರತಿ ಸಭಾಪಾಲಕನಿಗೂ ತಿಳಿದಿರಬೇಕು. ಎರಡನೆಯದು, ಕೇಳಿದ ಗುಟ್ಟು ಗೃಹಕೂಟದ ಪ್ರಾರ್ಥನಾ ವಿಷಯವಾಗಬಾರದು. ರೋಗಿಯ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ಹಕ್ಕೆಂದು ಮಾನ್ಯಮಾಡಿರುವಾಗ ಸಭೆಯು ಅದಕ್ಕಿಂತ ಕಡಿಮೆಯದನ್ನು ಮಾಡುವುದು ತರವಲ್ಲ. ಮೂರನೆಯದು, ಆರೈಕೆಯಿಂದ ದಣಿದ ಕುಟುಂಬವೂ ಸಭೆಯ ಹೊಣೆ.

ಆಡಮ್ಸರು ಸಭೆಗೆ ಅದರ ಕರ್ತವ್ಯವನ್ನು ನೆನಪಿಸಿದರು. ಅದಕ್ಕಾಗಿ ನಾವು ಋಣಿಗಳು. ಆದರೆ ಆ ಕರ್ತವ್ಯವನ್ನು ನೆರವೇರಿಸುವಾಗ ಪೌಲನ ವಚನದ ಒಂದು ಕ್ರಿಯಾಪದವನ್ನು ಮಾತ್ರವಲ್ಲ, ನಾಲ್ಕನ್ನೂ ಪಾಲಿಸಬೇಕು.