ಅಬಲೂರಿನ ಮಾಳಿ, ಅಗ್ರಹಾರದ ಯಮುನಕ್ಕ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಸರ್ವಜ್ಞನ ಹುಟ್ಟಿನ ಕಥೆ ಕೇಳದೆ ಬೆಳೆದವರು ಕಡಿಮೆ. ಮಾಸೂರಿನ ಬಸವರಸ ಮಕ್ಕಳಿಲ್ಲವೆಂಬ ಕೊರಗಿನಲ್ಲಿ ಕಾಶಿಗೆ ಹೋಗುತ್ತಾನೆ. ಮರಳಿ ಬರುವಾಗ ಅಬಲೂರಿನ ಕುಂಬಾರಗಿತ್ತಿ ಮಾಳಿಯ ಮನೆಯಲ್ಲಿ ಒಂದು ರಾತ್ರಿ ತಂಗುತ್ತಾನೆ. ಹೆಂಡತಿಗೆ ಸಲ್ಲಬೇಕಾದ ಪ್ರಸಾದ ಮಾಳಿಗೆ ಸಲ್ಲುತ್ತದೆ, ಮಾಳಿ ಬಸುರಾಗುತ್ತಾಳೆ. ಇದನ್ನು ಹೇಳುವ ತ್ರಿಪದಿಗಳು ಸರ್ವಜ್ಞನವೇ, ಆಮೇಲೆ ಯಾರೋ ಸೇರಿಸಿದವೇ ಎಂದು ವಿದ್ವಾಂಸರು ಇನ್ನೂ ಜಗ್ಗಾಡುತ್ತಿದ್ದಾರೆ. ಜಗ್ಗಾಡಲಿ. ಹಿರೇಕೆರೂರು ಸೀಮೆಯ ಮಂದಿ ಮಾತ್ರ ಕಥೆಯನ್ನು ಬಿಟ್ಟುಕೊಟ್ಟಿಲ್ಲ.

ಈ ಕಥೆಯಲ್ಲಿ ನನಗೆ ರುಚಿಸುವುದು ಅದು ಹೇಳದೆ ಬಿಟ್ಟ ಭಾಗ. ಬಸವರಸನ ಯಾತ್ರೆ ಇದೆ, ಕಾಶಿ ಇದೆ, ದೇವರ ವರ ಇದೆ. ಬಸುರು ಗೊತ್ತಾದ ದಿನ ಮಾಳಿ ಯಾರ ಮುಂದೆ ಬಾಯಿಬಿಟ್ಟಳು? ನೆರೆಯವರು ಏನಂದರು? ಯಾರಾದರೂ ಬಾಗಿಲು ಹಾಕಿಕೊಂಡರೋ, ಯಾರಾದರೂ ಗಂಜಿ ಕಾಯಿಸಿ ಕೊಟ್ಟರೋ? ಜನಪದ ಕಥೆಗೆ ಇದರ ಹಂಗಿಲ್ಲ. ವರದ ಮಾತಾಡಿ ಮುಂದೆ ನಡೆಯುತ್ತದೆ. ಬಿಟ್ಟುಹೋದ ಆ ಜಾಗಕ್ಕೆ ಇಳಿದು ನಿಲ್ಲುವ ಕೆಲಸ ಹೊಸಗಾಲದ ಕಥೆ ಕಾದಂಬರಿಗಳ ಪಾಲಿಗೆ ಬಂತು.

ನಮ್ಮ ಜಿಲ್ಲೆಯವರೇ ಆದ ಗಳಗನಾಥರು (1869–1942) ಕನ್ನಡಕ್ಕೆ ಕಾದಂಬರಿಯ ಓದುಗರನ್ನು ದೊರಕಿಸಿಕೊಟ್ಟರು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಪುಸ್ತಕ ಹೊತ್ತು ಊರೂರು ತಿರುಗಿದರು. ಅವರ ಮನಸ್ಸು ಹೆಚ್ಚಾಗಿ ಇತಿಹಾಸದ ಕಡೆಗಿತ್ತು. ಮಾಳಿಯಂಥವಳ ಮನೆಯೊಳಗೆ ಹೊಕ್ಕು ನೋಡುವ ಕಣ್ಣು ಬರಲು ಕನ್ನಡ ಇನ್ನಷ್ಟು ಕಾಯಬೇಕಾಯಿತು.

ಆ ಕಣ್ಣು ನನಗೆ ಎಲ್ಲಕ್ಕಿಂತ ಚುರುಕಾಗಿ ಕಂಡದ್ದು ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ. ಅಳತೆಯಲ್ಲಿ ಅದು ನೀಳ್ಗತೆ, ತೂಕದಲ್ಲಿ ಕಾದಂಬರಿ. ಮಲೆನಾಡಿನ ಅಗ್ರಹಾರ, ಶೇಷಗಿರಿ ಉಡುಪರ ವೇದಪಾಠಶಾಲೆ, ಅವರ ವಿಧವೆ ಮಗಳು ಯಮುನಕ್ಕ. ಶಾಲೆಯ ಮೇಷ್ಟ್ರೊಬ್ಬನಿಂದ ಅವಳು ಬಸುರಾಗಿದ್ದಾಳೆ. ಅಪ್ಪ ಊರಲ್ಲಿಲ್ಲ. ಇಷ್ಟನ್ನೂ ನೋಡುವುದು ಮನೆ ಬಿಟ್ಟು ವೇದ ಕಲಿಯಲು ಬಂದ ಒಬ್ಬ ಪುಟ್ಟ ಹುಡುಗ.

ಹುಡುಗನ ಕಣ್ಣನ್ನು ಆರಿಸಿಕೊಂಡದ್ದರಲ್ಲೇ ಕಥೆಯ ಅರ್ಧ ಸೊಗಸಿದೆ. ಯಮುನಕ್ಕ ಅವನಿಗೆ ಆಗಲೇ ತಾಯಿಯಾಗಿದ್ದಾಳೆ. ದೊಡ್ಡ ಹುಡುಗರು ಕಾಡಿದಾಗ ಅವನು ಓಡಿಬರುವುದು ಅವಳ ಬಳಿಗೆ, ಮನೆ ನೆನಪಾದಾಗ ಹಿಡಿಯುವುದು ಅವಳ ಸೆರಗನ್ನು. ಯಾರದೋ ಮಗನಿಗೆ ಅವಳು ತಾಯಿಯಾದದ್ದಕ್ಕೆ ಅಗ್ರಹಾರದ ತಕರಾರಿಲ್ಲ. ತನ್ನದೇ ಕೂಸಿಗೆ ತಾಯಿಯಾಗುವುದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. ಲೇಖಕರು ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡನ್ನೂ ಒಂದೇ ಮನೆಯಲ್ಲಿಟ್ಟು ಸುಮ್ಮನಾಗುತ್ತಾರೆ.

ಹುತ್ತದ ಸನ್ನಿವೇಶವನ್ನು ಓದುವಾಗ ನಾನು ಪ್ರತಿ ಸಲವೂ ನಿಧಾನವಾಗುತ್ತೇನೆ. ಹಾವು ಕಚ್ಚಿ ಎಲ್ಲ ಮುಗಿಯಲಿ ಎಂದು ಅವಳು ಹುತ್ತದೊಳಗೆ ಕೈಯಿಡುತ್ತಾಳೆ. ಅದನ್ನು ಕಾಣುವವನು ಆ ಹುಡುಗ ಒಬ್ಬನೇ. ಅವನಿಗೆ ಬಸುರೆಂದರೇನು, ಪಾಪವೆಂದರೇನು ಸರಿಯಾಗಿ ತಿಳಿಯದು. ಅಕ್ಕ ಸಾಯಬಾರದು ಎನ್ನುವುದಷ್ಟೇ ತಿಳಿದಿದೆ. ಸರಿ ತಪ್ಪು ಗೊತ್ತಿಲ್ಲದವನು ಕತ್ತಲಲ್ಲಿ ಅವಳ ಹಿಂದೆ ನಡೆಯುತ್ತಾನೆ, ಎಲ್ಲ ಗೊತ್ತಿರುವವರು ಪಂಜು ಹಿಡಿದು ಅವಳನ್ನು ಹುಡುಕುತ್ತಾರೆ. ಹಾಗೆಂದು ಹುಡುಗನನ್ನೂ ಕಥೆ ವೀರನನ್ನಾಗಿ ಮಾಡುವುದಿಲ್ಲ. ಅವನಿಗೂ ಹೆದರಿಕೆ, ಅವನಿಗೂ ಸೋಲು.

ಮೇಷ್ಟ್ರ ವಿಷಯಕ್ಕೆ ಹೆಚ್ಚು ಮಾತು ಬೇಡ. ಬಸಿರು ತೆಗೆಸುವ ವ್ಯವಸ್ಥೆ ಮಾಡುವಷ್ಟು ಧೈರ್ಯ ಅವನಿಗಿತ್ತು, ಅವಳ ಪಕ್ಕ ನಿಲ್ಲುವಷ್ಟು ಇರಲಿಲ್ಲ.

ಉಡುಪರದು ಬೇರೆಯೇ ಲೆಕ್ಕ. ಬದುಕಿರುವ ಮಗಳಿಗೆ ಗಡಿಗೆ ಒಡೆದು ಶ್ರಾದ್ಧ ಮಾಡುತ್ತಾರೆ. ತಲೆ ಬೋಳಿಸಿದ ಮಗಳು ಊರಾಚೆ ಕೂರುತ್ತಾಳೆ, ಇತ್ತ ಮುದುಕ ಉಡುಪರು ಎಳೆ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟ ಸುದ್ದಿ ಬರುತ್ತದೆ. ಅವರು ಕ್ರೂರಿ ಎಂದು ನನಗೆ ಅನಿಸಲಿಲ್ಲ. ಮಗಳ ಮೇಲೆ ಅವರಿಗೆ ಪ್ರೀತಿ ಇದ್ದೀತು. ಆದರೆ ತಾವಾಗಿ ನಿರ್ಧರಿಸಬೇಕಾದ ಗಳಿಗೆಯಲ್ಲಿ ಅವರು ಶಾಸ್ತ್ರವನ್ನು ಮುಂದೆ ಬಿಟ್ಟು ತಾವು ಹಿಂದೆ ಸರಿದರು. ಹುತ್ತದ ಹಾವಿಗಿಂತ ನನಗೆ ಭಯ ಹುಟ್ಟಿಸಿದ್ದು ಈ ಹಿಂದೆ ಸರಿಯುವಿಕೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತ ಹೆಣ್ಣುಮಕ್ಕಳ ನಡುವೆ ಇಂಥದೊಂದು ಸುದ್ದಿ ಬಿದ್ದರೆ ಮೊದಲು ಬರುವ ಮಾತು, “ಯಾರ್ದಂತವಾ?” ಆಮೇಲೆ, “ಮುಂದ ಏನ್ ಮಾಡ್ತಾಳಂತ?” ಅಲ್ಲಿಗೆ ಮಾತು ನಿಲ್ಲುತ್ತದೆ. “ನಾವೇನ್ ಮಾಡೂಣು?” ಎಂದು ಕೇಳುವ ಮುದುಕಿ ಗುಂಪಿಗೊಬ್ಬಳು ಸಿಕ್ಕರೆ ಅದೇ ದೊಡ್ಡದು. ಗರ್ಭಪಾತದ ಕಾನೂನು 1971ರಲ್ಲೇ ಬಂದಿದೆ. ಮದುವೆಯಾಗದ ಹೆಣ್ಣಿಗೂ 24 ವಾರದವರೆಗೆ ಅದರ ಆಸರೆ ಇದೆಯೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಆದರೆ “ಮಂದಿ ಏನಂದಾರು” ಎನ್ನುವ ಭಯ ಕೋರ್ಟಿನ ಮಾತು ಕೇಳುವುದಿಲ್ಲ.

“ನಾವೇನ್ ಮಾಡೂಣು?” ಎನ್ನುವ ಅಂಥ ಮುದುಕಿಯನ್ನು ಎಂ. ಕೆ. ಇಂದಿರಾ ಬರೆದಿದ್ದಾರೆ. 1976ರ ‘ಫಣಿಯಮ್ಮ’ನ ಕಟ್ಟಡ ಸ್ವಲ್ಪ ಸಡಿಲ, ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಹರಿಯಬಿಟ್ಟಿದ್ದಾರೆ ಅನಿಸುತ್ತದೆ. ಹಾಗಿದ್ದೂ ಹೆರಿಗೆಯ ಪ್ರಸಂಗದಲ್ಲಿ ಕಾದಂಬರಿ ಎದ್ದು ನಿಲ್ಲುತ್ತದೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಜೀವಮಾನವೆಲ್ಲ ಮಡಿಯಲ್ಲೇ ಬದುಕಿದ ಫಣಿಯಮ್ಮ ಹೆರಲಾಗದೆ ಒದ್ದಾಡುವ ದಲಿತ ಹುಡುಗಿಯ ಗುಡಿಸಲಿಗೆ ಹೋಗಿ ಕೂಸನ್ನು ಹೊರತೆಗೆಯುತ್ತಾಳೆ. ಮಡಿ ಬಿಟ್ಟೆನೆಂದು ಸಾರುವುದಿಲ್ಲ, ಮನೆಗೆ ಬಂದು ಸ್ನಾನ ಮಾಡಿ ತನ್ನ ಪಾಡಿಗೆ ತಾನಿರುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರವಾಗಿ ಮಾತಾಡುವವಳೂ ಇದೇ ಬೋಳುತಲೆಯ ಅಜ್ಜಿ. ಶಾಸ್ತ್ರವನ್ನು ಉಡುಪರು ಓದಿ ಬಲ್ಲರು, ಫಣಿಯಮ್ಮ ಮೈಯಲ್ಲೇ ಹೊತ್ತು ಬಲ್ಲಳು. ಹೊತ್ತವಳಿಗೆ ಅದನ್ನು ಇನ್ನೊಬ್ಬಳ ತಲೆಯ ಮೇಲಿಡುವ ಮನಸ್ಸಾಗಲಿಲ್ಲ.

ಅಬಲೂರಿನಲ್ಲೂ ಇಂಥವಳೊಬ್ಬಳು ಇದ್ದಿರಬೇಕು ಎಂಬುದು ನನ್ನ ಊಹೆ. ಮಾಳಿಯ ಕೂಸು ಬದುಕಿತು, ಬೆಳೆಯಿತು, ಊರೂರು ತಿರುಗಿ ದೊಡ್ಡವರ ಹುಳುಕನ್ನೆಲ್ಲ ಎತ್ತಿ ಆಡಿತು. ಕರ್ಣನಿಗೆ ತಾಯಿ ಯಾರೆಂದು ತಿಳಿಯಲು ಯುದ್ಧ ಹತ್ತಿರ ಬರಬೇಕಾಯಿತು. ಸರ್ವಜ್ಞನ ತಾಯಿಯ ಹೆಸರು ಮಾತ್ರ ಅವನ ಹೆಸರಿನ ಜೊತೆಗೇ ಇಂದಿಗೂ ಓಡಾಡುತ್ತಿದೆ.

ಗಿರೀಶ ಕಾಸರವಳ್ಳಿ 1977ರಲ್ಲಿ ‘ಘಟಶ್ರಾದ್ಧ’ವನ್ನು ಸಿನಿಮಾ ಮಾಡಿ ಸ್ವರ್ಣಕಮಲ ಪಡೆದರು. ಅದರ ಹೊಸದಾಗಿ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಹಾವೇರಿ, ರಾಣೆಬೆನ್ನೂರಿನ ಕಾಲೇಜುಗಳ ಕನ್ನಡ ಮೇಷ್ಟ್ರುಗಳು ಆ ಪ್ರತಿಯನ್ನು ಇಲ್ಲಿಗೂ ತರಿಸುವ ದಾರಿ ನೋಡಲಿ. ಮಕ್ಕಳಿಗೆ ಮೊದಲು ಕಥೆ ಓದಿಸಿ, ಸಿನಿಮಾ ಆಮೇಲೆ ತೋರಿಸಿ. ತೋರಿಸುವ ದಿನ ಅವರ ತಾಯಂದಿರನ್ನೂ ಕರೆಯಿರಿ.