ಹಿಂದಿನ ಬ್ಯಾಟರಿಗೆ ಎಳೆದ ಲೈನು: ಕೈಕೆಲಸಕ್ಕೆ ಮೆಚ್ಚುಗೆ, ಲೆಕ್ಕಕ್ಕೆ ತಕರಾರು

ವಾರಾಂತ್ಯ ಬಂತೆಂದರೆ ಬಾಬುರಾಯನಕೊಪ್ಪಲು, ಶ್ರೀರಂಗಪಟ್ಟಣ ದಾಟಿ ಕೊಡಗು, ನಾಗರಹೊಳೆ, ವಯನಾಡಿನ ಕಡೆಗೆ ಥಾರ್, ಜಿಮ್ನಿ, ಗೂರ್ಖಾ, ಹಳೆಯ ಜಿಪ್ಸಿಗಳು ಸಾಲಾಗಿ ಹೋಗುತ್ತವೆ. ಈಗ ಇಂಥ ಗಾಡಿಗಳ ಹಿಂಭಾಗದಲ್ಲಿ ಸಣ್ಣ ಫ್ರಿಜ್, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್, ರಾತ್ರಿ ತಂಗಲು ಬೇಕಾದ ಲೈಟುಗಳು ಇರುತ್ತವೆ. ಇವೆಲ್ಲಕ್ಕೂ ಕರೆಂಟ್ ಕೊಡಲು ಎರಡನೇ ಬ್ಯಾಟರಿಯೊಂದನ್ನು ಹಿಂದೆ ಕೂರಿಸಿ, ಬಾನೆಟ್ ಒಳಗಿನ ಬ್ಯಾಟರಿಯಿಂದ ಅಲ್ಲಿಯವರೆಗೆ ಲೈನ್ ಎಳೆಸುವುದು ರೂಢಿಯಾಗುತ್ತಿದೆ. ಟ್ರ್ಯಾಕ್ಟರ್, ಗೂಡ್ಸ್ ಆಟೋಗಳ ವೈರಿಂಗ್ ಮಾಡಿ ಪಳಗಿದ ರಸ್ತೆಬದಿಯ ಆಟೋ ಎಲೆಕ್ಟ್ರಿಷಿಯನ್‌ಗಳೇ ಎಷ್ಟೋ ಕಡೆ ಈ ಕೆಲಸವನ್ನೂ ಮಾಡುತ್ತಾರೆ. ಒಂದು ಕಸುಬಾಗಿ ಇದನ್ನು ಯಾರೂ ಒರೆಗೆ ಹಚ್ಚಿ ನೋಡುವುದಿಲ್ಲ. ನೋಡಲೇಬೇಕಾದ ಕಾಲ ಬಂದಿದೆ, ಏಕೆಂದರೆ ಇದರಲ್ಲಿ ತಪ್ಪಿದರೆ ಗಾಡಿಗೇ ಬೆಂಕಿ ಬೀಳಬಹುದು.

ಮೊದಲು ಒಳ್ಳೆಯದನ್ನು ಹೇಳಬೇಕು. ನುರಿತ ಕೈಯ ಕೆಲಸವನ್ನು ಗಾಡಿಯ ಕೆಳಗೆ ಮಲಗಿ ನೋಡಿದರೆ ಸಂತೋಷವಾಗುತ್ತದೆ. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ರಬ್ಬರ್ ಬುಷ್ ಇರುತ್ತದೆ. ಸೈಲೆನ್ಸರಿನಿಂದ ದೂರವಾಗಿ, ಚಾಸಿಯ ಒಳಮಗ್ಗುಲಲ್ಲಿ, ಸ್ಲೀವ್ ತೊಡಿಸಿದ ಲೈನು ಗೇಣಿಗೊಂದು ಕ್ಲಿಪ್ ಹಿಡಿದುಕೊಂಡು ಹಿಂದಕ್ಕೆ ಸಾಗುತ್ತದೆ. ಆಕ್ಸಲ್ ಮೇಲೆ ಕೆಳಗೆ ಆಡಿದರೂ ಅದಕ್ಕೆ ತಗಲುವುದಿಲ್ಲ. ಕಬ್ಬಿನ ಲೋಡು ಹೊತ್ತು ಗದ್ದೆಯಿಂದ ಮೇಲೇಳುವ ಟ್ರ್ಯಾಕ್ಟರಿನ ಅದುರನ್ನು ಕಂಡವರಿಗೆ ವೈರನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಗೊತ್ತು. ಯಾವ ಪುಸ್ತಕದಿಂದಲೂ ಬರದ ತಿಳಿವಳಿಕೆ ಇದು.

ಎಡವುವುದು ವೈರಿನ ದಪ್ಪದಲ್ಲಿ. ಮನೆ ವೈರಿಂಗಿಗೆ ಬಳಸುವ ಎರಡೂವರೆ ಸ್ಕ್ವೇರ್ ವೈರನ್ನೇ ಹಿಂದಿನವರೆಗೆ ಎಳೆದುಬಿಡುವುದುಂಟು. ಲೆಕ್ಕ ಹಾಕೋಣ. ಹೋಗಲು 4 ಮೀಟರ್, ಬರಲು 4 ಮೀಟರ್, ಒಟ್ಟು 8 ಮೀಟರ್ ತಾಮ್ರ. ಹಿಂದೆ ಕಂಪ್ರೆಸರ್ ಓಡುತ್ತಾ, ಬ್ಯಾಟರಿ ಚಾರ್ಜ್ ಆಗುತ್ತಾ 30 ಆಂಪಿಯರ್ ಎಳೆದರೆ ಈ ವೈರಿನಲ್ಲೇ ಸುಮಾರು 1.7 ವೋಲ್ಟ್ ಕಳೆದುಹೋಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೆ ಹಿಂದಕ್ಕೆ ಸಿಗುವುದು ಹನ್ನೆರಡೂವರೆ ಮಾತ್ರ. ಕೆಆರ್‌ಎಸ್‌ನಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರಿಗಾಗಿ ಕೊನೆಭಾಗದ ಮದ್ದೂರು, ಮಳವಳ್ಳಿ ರೈತರು ಕಾಯುವಂಥದೇ ಸ್ಥಿತಿ ಹಿಂದಿನ ಬ್ಯಾಟರಿಯದು. ಪ್ರವಾಹ ಕುಗ್ಗಿದಂತೆ ನಷ್ಟವೂ ಕುಗ್ಗುತ್ತದೆ, ನಿಜ. ಆದರೆ ಎರಡು ಮೂರು ಗಂಟೆಯ ಪ್ರಯಾಣದಲ್ಲಿ ಬ್ಯಾಟರಿ ತುಂಬುವುದೇ ಇಲ್ಲ. ಸದಾ ಅರೆಹೊಟ್ಟೆಯಲ್ಲಿರುವ ಸೀಸದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅದು ಬೇಗ ಸಾಯುತ್ತದೆ. ಬೈಗುಳ ಮಾತ್ರ ಬ್ಯಾಟರಿ ಕಂಪನಿಗೆ. ಅದೇ ಜಾಗಕ್ಕೆ 16 ಸ್ಕ್ವೇರ್ ಶುದ್ಧ ತಾಮ್ರದ ವೈರು ಹಾಕಿದರೆ ನಷ್ಟ ಕಾಲು ವೋಲ್ಟಿಗೆ ಇಳಿಯುತ್ತದೆ. ಆಂಪ್ಲಿಫೈಯರ್ ಕಿಟ್‌ಗಳ ದಪ್ಪ ವೈರು ನೋಡಿ ಮರುಳಾಗಬಾರದು. ಅಗ್ಗದ ಎಷ್ಟೋ ಕಿಟ್‌ಗಳಲ್ಲಿ ಒಳಗಿರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

ಎರಡನೆಯ ತಕರಾರು ಇನ್ನೂ ಗಂಭೀರ. ಫ್ಯೂಸ್ ಎಲ್ಲಿದೆ ಎಂದು ಕೇಳಿದರೆ ಹಿಂದೆ, ಉಪಕರಣದ ಪಕ್ಕದಲ್ಲಿ ತೋರಿಸುತ್ತಾರೆ. ಅದು ಕಾಯುವುದು ಫ್ರಿಜ್ಜನ್ನು. ಮಧ್ಯದ 4 ಮೀಟರ್ ವೈರನ್ನು ಕಾಯುವವರು ಯಾರೂ ಇಲ್ಲ. ಆ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಫ್ಯೂಸ್ ಇರಬೇಕಾದ್ದು ಬ್ಯಾಟರಿ ಟರ್ಮಿನಲ್‌ನಿಂದ ಗೇಣಿನೊಳಗೆ. ಎರಡು ಬ್ಯಾಟರಿ ಇದ್ದಾಗ ಎರಡೂ ಕಡೆಯಿಂದ ಕರೆಂಟ್ ಬರುವುದರಿಂದ ಎರಡೂ ತುದಿಗೆ ಒಂದೊಂದು ಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ನೆಗೆಟಿವ್ ವಿಚಾರದಲ್ಲೂ ಉದಾಸೀನವಿದೆ. ಹಿಂದಿನ ತಗಡಿಗೆ ಒಂದು ಸ್ಕ್ರೂ ಬಿಗಿದು 'ಬಾಡಿ ಅರ್ಥ್' ಎಂದು ಮುಗಿಸುತ್ತಾರೆ. ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಬಾಡಿ ಬೇರೆ, ಚಾಸಿ ಬೇರೆ. ನಡುವೆ ರಬ್ಬರ್ ಮೌಂಟ್. ಬಣ್ಣದ ಮೇಲೆ ಬಿಗಿದ ಸ್ಕ್ರೂ ಒಂದು ಮಳೆಗಾಲ ಕಳೆದರೆ ತುಕ್ಕು ಹಿಡಿಯುತ್ತದೆ. ಪಾಸಿಟಿವ್‌ನಷ್ಟೇ ದಪ್ಪದ ನೆಗೆಟಿವ್ ವೈರನ್ನೂ ಜೊತೆಗೇ ಎಳೆಯುವುದು ಉಳಿದೆಲ್ಲಕ್ಕಿಂತ ನಂಬಿಕಸ್ಥ ದಾರಿ.

ಇನ್ನು ಎರಡು ಬ್ಯಾಟರಿಗಳನ್ನು ಬೇರ್ಪಡಿಸುವ ರಿಲೇ. ಇಗ್ನಿಷನ್ ಆನ್ ಆದಾಗ ಕೂಡಿಸಿ, ಆಫ್ ಆದಾಗ ಬಿಡಿಸುವ ಸಾದಾ ರಿಲೇ ಹಳೆಯ ಜಿಪ್ಸಿಗೆ ಸಾಕು. ಆದರೆ ಕೆಲವು ಹೊಸ ಗಾಡಿಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರಿನ ವೋಲ್ಟೇಜ್ ತಗ್ಗಿಸುತ್ತದೆ. ಅಲ್ಲಿ ರಿಲೇ ಕೂಡಿದ್ದರೂ ಹಿಂದಿನ ಬ್ಯಾಟರಿ ಹಸಿದೇ ಇರುತ್ತದೆ. ಲಿಥಿಯಂ ಬ್ಯಾಟರಿಯಾದರೆ ತದ್ವಿರುದ್ಧ: ಅದು ಮಿತಿಯಿಲ್ಲದೆ ಎಳೆದು ಆಲ್ಟರ್ನೇಟರನ್ನೇ ಕಾಯಿಸಿಬಿಡಬಲ್ಲದು. ಎರಡಕ್ಕೂ ಮದ್ದು ವೋಲ್ಟೇಜ್ ಏರಿಸಿ, ಪ್ರವಾಹಕ್ಕೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್. ಹಳೆಯ ಗಾಡಿಯ ಪಾಠವನ್ನು ಹೊಸ ಗಾಡಿಗೆ ಹಾಗೇ ಒಪ್ಪಿಸುವುದು ಈ ಕಸುಬಿನ ದೊಡ್ಡ ಕೊರತೆ.

ಹಾಗೆಂದು ತಪ್ಪೆಲ್ಲ ಕಸುಬುದಾರನದೆನ್ನುವುದು ಅನ್ಯಾಯ. ಛಾವಣಿಯ ಮೇಲಿನ ಲೈಟ್ ಬಾರಿಗೆ ಸಾವಿರಾರು ರೂಪಾಯಿ ಎಣಿಸುವ ಗಿರಾಕಿ ವೈರಿನ ಬೆಲೆ ಬಂದಾಗ ಚೌಕಾಸಿಗೆ ಇಳಿಯುತ್ತಾನೆ. ಕಣ್ಣಿಗೆ ಕಾಣದ್ದಕ್ಕೆ ದುಡ್ಡು ಬಿಚ್ಚುವ ಮನಸ್ಸಿಲ್ಲದ ಕಡೆ ಸಣ್ಣ ವೈರೇ ಗೆಲ್ಲುತ್ತದೆ.

ನನ್ನ ತೀರ್ಮಾನ ಇಷ್ಟು. ನಮ್ಮ ಸೀಮೆಯ ಎಲೆಕ್ಟ್ರಿಷಿಯನ್‌ಗಳ ಕೈಗೆ ಮೊದಲ ದರ್ಜೆ ಕೊಡಬಹುದು, ಲೆಕ್ಕಕ್ಕೆ ಕೊಡಲಾಗದು. ಈ ಅಂತರ ತುಂಬಲು ಎಂಜಿನಿಯರಿಂಗ್ ಪದವಿ ಬೇಡ, ಒಂದು ಮಲ್ಟಿಮೀಟರ್ ಸಾಕು. ಗಾಡಿ ಮಾಲೀಕರಲ್ಲಿ ನನ್ನ ವಿನಂತಿ: ದುಡ್ಡು ಕೊಡುವ ಮೊದಲು ಎಂಜಿನ್ ಚಾಲೂ ಮಾಡಿಸಿ, ಹಿಂದಿನ ಕಂಪ್ರೆಸರ್ ಓಡಿಸಿ, ಎರಡೂ ಬ್ಯಾಟರಿಗಳ ವೋಲ್ಟೇಜ್ ನಿಮ್ಮ ಎದುರೇ ಅಳೆಸಿ. ಸಾದಾ ರಿಲೇ ಇರುವ ಗಾಡಿಯಲ್ಲಿ ಅಂತರ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ವೈರು ಬದಲಿಸಲು ಹೇಳಿ. ಮುಂದಿನ ಟರ್ಮಿನಲ್ ಪಕ್ಕದಲ್ಲಿ ಫ್ಯೂಸ್ ಕಾಣದಿದ್ದರೆ ಗಾಡಿಯನ್ನು ಅಂಗಡಿಯಿಂದ ಹೊರಗೆ ತೆಗೆಯಬೇಡಿ.